ಉಡಣ್ಣ ಮತ್ತು ಮೂರನೆಯ ಕಾಲರು

ಪ್ಲಂಬರ್ ಉಡಣ್ಣನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇತ್ತು. ಅದು ಈಗ ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಮಾತ್ರ ಉಸಿರಾಡುತ್ತಿದೆ. ಪೈಪಿಗೆ ಸ್ಪ್ಯಾನರ್ ಹಾಕಿದನೆಂದರೆ ಉಡದ ಪಟ್ಟು. ಅವನು ಬಿಗಿದದ್ದನ್ನು ಬಿಚ್ಚಲು ಅವನೇ ಬರಬೇಕು. "ಇರಲಿ, ಇನ್ನೊಂದು ಸುತ್ತು" ಎಂಬುದು ಅವನ ರಣಘೋಷ. ಅದು ಕಿವಿಗೆ ಬಿದ್ದರೆ ಸಾಕು, ಪಕ್ಕದ ಮನೆಯ ನಲ್ಲಿಯೂ ಹೆದರಿ ತೊಟ್ಟಿಕ್ಕುವುದನ್ನು ನಿಲ್ಲಿಸುತ್ತಿತ್ತಂತೆ.

ಆದರೆ ಒಂದು ವರ್ಷದಿಂದ ಅವನ ಬಲ ಮಣಿಕಟ್ಟು ಮುಷ್ಕರ ಹೂಡಿತ್ತು. ಇದು ರಾಜರಹಸ್ಯ. ಹೆಂಡತಿಗೆ ಗೊತ್ತಾದರೆ ಅವಳ ತಮ್ಮನಿಗೆ ಗೊತ್ತಾಗುತ್ತದೆ. ಅವನೋ ತನ್ನ ಬಣ್ಣದಂಗಡಿಯಲ್ಲಿ ಒಂದು ಸ್ಟೂಲನ್ನು ಆಗಲೇ ಒರೆಸಿ ಇಟ್ಟಿದ್ದ. "ಭಾವ, ದುಡಿದದ್ದು ಸಾಕು, ಬಂದು ಕೂತ್ಕೊಳ್ಳಿ. ಬ್ರಷ್ ಎತ್ತಿ ಕೊಡೋಕೆ ಏನು ಮಹಾ ಬಲ ಬೇಕು?" ಆ ಸ್ಟೂಲಿನ ಮೇಲೆ ಕೂತ ದಿನ ತನ್ನ ಕಥೆ ಮುಗಿಯಿತು ಎಂದು ಉಡಣ್ಣ ನಂಬಿದ್ದ. ಅದಕ್ಕೇ ಪ್ರತಿದಿನ ಬೆಳಿಗ್ಗೆ ಅಡುಗೆಮನೆಯಲ್ಲಿ ಕಳ್ಳನಂತೆ ತನ್ನ ಕೈಯನ್ನು ಪರೀಕ್ಷಿಸಿಕೊಳ್ಳುತ್ತಿದ್ದ. ಸಕ್ಕರೆ ಜಾಡಿ, ಉಪ್ಪಿನ ಜಾಡಿ, ಬೇಳೆ ಜಾಡಿ, ಎಲ್ಲದರ ಮುಚ್ಚಳವೂ ಒಂದೇ ತಿರುವಿಗೆ ಶರಣು! "ಇನ್ನೂ ಇದೆ ಕಣೋ" ಎಂದುಕೊಂಡು ಚೀಲ ಹೆಗಲಿಗೇರಿಸುತ್ತಿದ್ದ.

ಆ ದಿನದ ರಣರಂಗ ನಿವೃತ್ತರಾದ ಹಲ್ಲಿನ ಡಾಕ್ಟರೊಬ್ಬರ ಹಜಾರ. ಗೋಡೆಯಿಂದ ಗೋಡೆಗೆ ಮೀನಿನ ಗಾಜಿನ ತೊಟ್ಟಿ. ಎರಡು ಸಾವಿರ ಲೀಟರು ಹಿಡಿಯುವಂಥದ್ದು. ಅದಕ್ಕೆ ಜಾಗ ಬಿಟ್ಟುಕೊಟ್ಟ ಸೋಫಾಗಳು ಮೂಲೆಯಲ್ಲಿ ಒಂದರ ಮೇಲೊಂದು ಕೂತಿದ್ದವು. ಮೀನುಗಳು ಸಂಸಾರ ಸಮೇತ ಬಚ್ಚಲಿನ ಟಬ್ಬಿನಲ್ಲಿ. ತೊಟ್ಟಿಯ ಕೆಳಗಿನ ಕಪಾಟಿನೊಳಗೆ ಹೊಸ ಪಂಪು. ಅದರ ಬಾಯನ್ನು ಪೈಪಿಗೆ ಜೋಡಿಸಲು ಮುಚ್ಚಳದಂತೆ ತಿರುಗಿಸುವ ಪ್ಲಾಸ್ಟಿಕ್ ಕಾಲರು, ಸೋರದಂತೆ ಅದರೊಳಗೆ ಒಂದು ರಬ್ಬರ್ ಉಂಗುರ.

"ಹನಿ ಸೋರಿದ್ರೂ ಮರದ ನೆಲ ಉಬ್ಬುತ್ತಪ್ಪಾ," ಎಂದರು ಡಾಕ್ಟರು. "ಸಂಜೆಯೊಳಗೆ ಮುಗೀಬೇಕು. ಟಬ್ಬಲ್ಲಿ ಅವು ಹೆಚ್ಚು ಹೊತ್ತು ತಡೆಯಲ್ಲ."

"ಉಡ ಬಿಗಿದದ್ದು ಸೋರೋದುಂಟಾ ಸಾರ್?"

ಐವತ್ತೆಂಟು ವರ್ಷದ ಸೊಂಟವನ್ನು ಮೂರು ಮಡಿಕೆ ಮಾಡಿ ಕಪಾಟಿನೊಳಗೆ ತೂರಿಸಿದ. ಮಣಿಕಟ್ಟು ಕೈಕೊಟ್ಟಿದ್ದು ಡಾಕ್ಟರಿಗೆ ಕಾಣಬಾರದೆಂದು ಇಡೀ ಮೈಭಾರವನ್ನೇ ಸ್ಪ್ಯಾನರಿನ ಮೇಲೆ ಹೇರಿದ. "ಇರಲಿ, ಇನ್ನೊಂದು ಸುತ್ತು."

ಟಪ್! ಕಾಲರು ಬಿರುಕು ಬಿಟ್ಟಿತು.

"ಮಾಲೇ ಸರಿಯಿಲ್ಲ ಸಾರ್."

ಎರಡನೆಯದೂ ಸರಿಯಿರಲಿಲ್ಲ. ಟಪ್!

ಡಾಕ್ಟರು ಮೂರನೆಯದನ್ನು ಕೊಡುವಾಗ ಮಗುವನ್ನು ಕೊಡುವಂತೆ ಕೊಟ್ಟರು. "ಇದೇ ಕೊನೇದು. ಹೊಸದು ಬರೋಕೆ ಹದಿನೈದು ದಿನ."

ಹದಿನೈದು ದಿನದಲ್ಲಿ ಮೀನುಗಳ ಗತಿ ಏನೋ, ತನ್ನ ಗತಿಯಂತೂ ಉಡಣ್ಣನಿಗೆ ಕಣ್ಣಿಗೆ ಕಟ್ಟಿತು: ಸ್ಟೂಲು. ಉಂಗುರ ಕೂರಿಸಿದ, ಕಾಲರು ಹಚ್ಚಿದ, ಸ್ಪ್ಯಾನರ್ ಎತ್ತಿದ. ಮಣಿಕಟ್ಟಿನಲ್ಲಿ ಚಳಕು ಹೊಡೆದು ಆ ಗದೆ ಕೈಜಾರಿ ಠಣ್ ಎಂದು ಬಿತ್ತು. ಮತ್ತೆ ಎತ್ತಲು ಬೆರಳು ಮಡಚಲೇ ಇಲ್ಲ. ದಣಿವು ಮೂಳೆಯಿಂದ ಎದ್ದು ಬಂತು. ಬೇರೆ ದಾರಿಯಿಲ್ಲದೆ ಬರಿಗೈಯಿಂದ ತಿರುಗಿಸಿದ. ಕಾಲರು ನಿಂತಲ್ಲಿ ಕೈಯೂ ನಿಂತಿತು. ಇನ್ನೊಂದು ಸುತ್ತು ಹಾಕಲು ಕೈಯಲ್ಲಿ ಬಲವೇ ಇರಲಿಲ್ಲ.

"ನೀರು ಬಿಡಿ ಸಾರ್," ಎಂದ, ಗಲ್ಲಿಗೆ ಹೋಗುವವನ ದನಿಯಲ್ಲಿ.

ಕಾಲರಿನ ಕೆಳಗೆ ಹಳೆ ಪತ್ರಿಕೆ ಹಾಸಿ ಪಕ್ಕದಲ್ಲೇ ಒರಗಿದ. ತೊಟ್ಟಿ ತುಂಬಿತು, ಪಂಪು ಗುನುಗಿತು. ಒದ್ದೆಯಾಗುವುದನ್ನೇ ಕಾಯುತ್ತ, ಇನ್ನೂರು ಸ್ಟೀಲ್ ಬೀರು ಪೂರೈಸುವ ಟೆಂಡರಿನ ಪ್ರಕಟಣೆಯನ್ನು ಎರಡು ಗಂಟೆ ಓದಿ ಬಾಯಿಪಾಠ ಮಾಡಿದ. ಪ್ರಕಟಣೆಯ ಒಂದು ಅಕ್ಷರವೂ ನೆನೆಯಲಿಲ್ಲ.

ಡಾಕ್ಟರು ಈಗ ಕನ್ನಡಕ ಹಾಕಿಕೊಂಡು ಪೆಟ್ಟಿಗೆಯೊಳಗಿನ ಸೂಚನೆ ಓದಿದರು. "ಬರಿಗೈಯಿಂದ ಮಾತ್ರ ಬಿಗಿಯಿರಿ ಅಂತ ಬರೆದಿದ್ದಾರೆ! ಮತ್ತೆ ಮೊದಲಿನ ಎರಡು?"

"ಎಷ್ಟು ಬಿಗಿದ್ರೆ ಮುರಿಯುತ್ತೆ ಅಂತ ನೋಡ್ಕೋಬೇಕಲ್ಲ ಸಾರ್."

ಸಂಜೆ ಮನೆಯಲ್ಲಿ ಗೋಡೆಗೊರಗಿ ಕೂತ. ಹೆಂಡತಿ ಚಹಾಕ್ಕೆ ಸಕ್ಕರೆ ಹಾಕಿ ಜಾಡಿ ಮುಚ್ಚುತ್ತಿದ್ದಳು. ಯಾವತ್ತೂ ನೋಡದವನು ಅಂದು ನೋಡಿದ. ಮೂರು ಬೆರಳಲ್ಲಿ ಮುಚ್ಚಳ ತಿರುಗಿಸಿದಳು. ಬಿಗಿಯಾದೊಡನೆ ಅರ್ಧ ಸುತ್ತು ಹಿಂದಕ್ಕೆ ತಂದು ಬಿಟ್ಟಳು. ಉಪ್ಪಿನದಕ್ಕೂ ಹಾಗೇ.

"ಎಷ್ಟು ದಿನದಿಂದ ಹೀಗೆ?" ಎಂದ.

ಅವಳು ತಿರುಗಲಿಲ್ಲ. "ವರ್ಷದಿಂದ. ಹಿತ್ತಲಲ್ಲಿ ನಿಮ್ಮ ಸ್ಪ್ಯಾನರ್ ಬೀಳೋ ಸದ್ದು ಕೇಳದಷ್ಟು ನನ್ನ ಕಿವಿ ಕೆಟ್ಟಿಲ್ಲ ಕಣ್ರೀ."

"ನಿನ್ನ ತಮ್ಮನಿಗೆ ಹೇಳಿದ್ಯಾ?"

"ಹೇಳಿದ್ರೆ ಅವನು ಸುಮ್ನೆ ಇರ್ತಿದ್ನಾ? ಸ್ಟೂಲನ್ನ ಇಲ್ಲಿಗೇ ಹೊತ್ಕೊಂಡು ಬಂದು ನಿಮ್ಮನ್ನ ಕೂರಿಸ್ಕೊಂಡು ಹೋಗ್ತಿದ್ದ."

ಉಡಣ್ಣ ಚಹಾ ಕುಡಿದು ಮುಗಿಸಿದ. ಆಮೇಲೆ ಚೀಲದಿಂದ ದೊಡ್ಡ ಸ್ಪ್ಯಾನರ್ ತೆಗೆದ.

"ಕಬ್ಬಿಣದ ಪೈಪಿನ ಕೆಲಸ ಅಂತ ಯಾರಾದ್ರೂ ಬಂದ್ರೆ ಇಲ್ಲ ಅನ್ನು. ಪ್ಲಾಸ್ಟಿಕ್ಕಿನದಾದ್ರೆ ನನ್ನ ಕರಿ."

"ಸರಿ."

ಅಟ್ಟದ ಮೇಲಿಡಲು ಹೋದ. ಅಷ್ಟೆತ್ತರಕ್ಕೆ ಕೈ ಏಳಲಿಲ್ಲ. ಅವಳೇ ಇಸಿದುಕೊಂಡು ಎತ್ತಿಟ್ಟಳು.