ಡೆಲ್ಫಿನ್ ತಡೆದ ಏಳನೆಯ ಕಾರು

ಡೆಟ್ರಾಯಿಟ್‌ನ ಪೂರ್ವದ ಬೀದಿಗಳಲ್ಲಿ ಹ್ಯಾಲ್ಡೇನ್ ಕಂಪನಿಯನ್ನು ಬೈಯುವ ಹಕ್ಕು ಹ್ಯಾಲ್ಡೇನ್‌ನಲ್ಲಿ ದುಡಿದವರಿಗೆ ಮಾತ್ರ ಇತ್ತು. ಹೊರಗಿನವರು ಬಾಯಿ ಬಿಟ್ಟರೆ ಡೆಲ್ಫಿನ್ ಕಾಸ್ಪರ್ ಸೊಂಟಕ್ಕೆ ಕೈಯಿಟ್ಟು ನಿಂತುಬಿಡುತ್ತಿದ್ದಳು. ೧೯೮೦ರ ಈಸ್ಟರ್ ಹಬ್ಬದ ದಿನ ಅವಳ ತಂಗಿಯ ಅಳಿಯ ಹೊಸ ಜಪಾನಿ ಕಾರಿನಲ್ಲಿ ಬಂದಿಳಿದ. ಡೆಲ್ಫಿನ್ ಅವನನ್ನು ಮೆಟ್ಟಿಲಲ್ಲೇ ತಡೆದು, "ಅದನ್ನ ಆಚೆ ಬೀದೀಲಿ ನಿಲ್ಸಿ ನಡ್ಕೊಂಡು ಬಾಪ್ಪ. ನಮ್ಮಪ್ಪನ ಮನೆ ಮುಂದೆ ಅದು ನಿಲ್ಲೋ ಹಾಗಿಲ್ಲ" ಅಂದಳು. ತಮಾಷೆ ಇರಬೇಕೆಂದು ಅವನು ನಕ್ಕ. ಅವಳು ನಗಲಿಲ್ಲ. ಪಾಪ, ಹುಡುಗ ಮಳೆಯಲ್ಲಿ ತೊಯ್ದುಕೊಂಡು ಬಂದು ಸಾಸೇಜು ತಿಂದ.

ಅವಳಪ್ಪ ಪೋಲೆಂಡಿನಿಂದ ಹಡಗು ಹತ್ತಿ ಬಂದು ಸೇರಿದ್ದು ಹ್ಯಾಲ್ಡೇನ್‌ಗೆ. ಎರಡು ಬೆರಳು ಕಳೆದುಕೊಂಡದ್ದೂ ಅಲ್ಲೇ, ಮನೆ ಕಟ್ಟಿಸಿದ್ದೂ ಅಲ್ಲಿನ ಸಂಬಳದಲ್ಲೇ. ಕುದುರೆಗಾಡಿ ಮಾಡುತ್ತಿದ್ದ ಹ್ಯಾಲ್ಡೇನ್ ಮುದುಕ ಇಲ್ಲಿ ಮೊದಲ ಮೋಟಾರು ಕಟ್ಟಿದ್ದು, ಯುದ್ಧಕಾಲದಲ್ಲಿ ಇಲ್ಲಿಂದ ಸೈನ್ಯದ ಲಾರಿಗಳು ಹೊರಟದ್ದು, ಆಮೇಲೆ ಇಪ್ಪತ್ತು ವರ್ಷ ಊರಿನ ಡಾಕ್ಟರು, ಪಾದ್ರಿ, ಮೀನು ಹಿಡಿಯಲೂ ಸೂಟು ಹಾಕುವ ವಕೀಲರು ಎಲ್ಲರೂ ಹ್ಯಾಲ್ಡೇನನ್ನೇ ಕೊಂಡದ್ದು, ಇವೆಲ್ಲ ಆ ಮನೆಯಲ್ಲಿ ಊಟದ ಜೊತೆ ಬಡಿಸಿದ ಕಥೆಗಳು. ಡೆಲ್ಫಿನ್ ಸೇರಿದಾಗ ಅವಳಿಗೆ ಇಪ್ಪತ್ತಮೂರು. ಈಗ ಐವತ್ತೆರಡು. ಈಗಿನ ಕಥೆ ಬೇರೆ. ಹ್ಯಾಲ್ಡೇನ್ ಕೊಂಡರೆ ಮೆಕ್ಯಾನಿಕ್ಕು ನೆಂಟನಾಗುತ್ತಾನೆ ಎಂದು ಜನ ಆಡಿಕೊಳ್ಳುತ್ತಿದ್ದರು. ಚಳಿಗಾಲದಲ್ಲಿ ಒಂದು ಪಾಳಿಯನ್ನೇ ತೆಗೆದರು. ಎರಡು ಕಾರ್ಖಾನೆಗಳಲ್ಲಿ ಒಂದನ್ನು ಮುಚ್ಚುತ್ತಾರಂತೆ, ಯಾವುದು ಅಂತ ಶರತ್ಕಾಲದೊಳಗೆ ಹೇಳುತ್ತಾರಂತೆ ಎಂಬ ಸುದ್ದಿ ಚರ್ಚಿನಲ್ಲೂ ಕಟಿಂಗ್ ಅಂಗಡಿಯಲ್ಲೂ ಸುತ್ತಾಡುತ್ತಿತ್ತು.

ಡೆಲ್ಫಿನ್‌ಳ ಕೆಲಸ ಹೇಳಿದರೆ ನಗುಬರುವಷ್ಟು ಸಣ್ಣದು. ಲೈನಿನಲ್ಲಿ ಮೈ ಹೊದೆಯದ ಕಾರಿನ ಅಸ್ಥಿಪಂಜರ ನಿಮಿಷಕ್ಕೊಂದರಂತೆ ಬರುತ್ತದೆ. ಪಕ್ಕದ ಲೆಮ್ಯೂಯೆಲ್, ಎಲ್ಲರ ಬಾಯಲ್ಲಿ ಲೆಮ್, ಸ್ಟೇರಿಂಗ್ ತೋಳಿನ ನಟ್ಟನ್ನು ಗಾಳಿಯ ಗನ್ನಿನಿಂದ ಬಿಗಿಯುತ್ತಾನೆ. ಆ ನಟ್ಟು ಎಂದೂ ಬಿಚ್ಚಿಕೊಳ್ಳದಂತೆ ಅದರ ತೂತಿನಲ್ಲಿ ಇವಳು ಬೆರಳುದ್ದದ ಸ್ಪ್ಲಿಟ್ ಪಿನ್ನು ತೂರಿಸಿ, ಅದರ ಕಾಲು ಅಗಲಿಸಿ, ಮೇಲೊಂದು ಹಳದಿ ಬಣ್ಣದ ಗುರುತು ಹಾಕುತ್ತಾಳೆ. ಗುರುತು ಇದೆ ಅಂದರೆ ಪಿನ್ನಿದೆ ಎಂದರ್ಥ. ಪಿನ್ನಿಲ್ಲದ ನಟ್ಟು ನಡುಗಿ ನಡುಗಿ ಒಂದು ದಿನ ಉದುರುತ್ತದೆ. ಆಮೇಲೆ ಸ್ಟೇರಿಂಗ್ ಒಂದು ಕಡೆ ತಿರುಗಿದರೆ ಚಕ್ರ ಇನ್ನೊಂದು ಕಡೆ.

ಇಬ್ಬರೂ 'ಜೋಡಿ' ಮಾಡುತ್ತಿದ್ದರು. ಕಾರ್ಖಾನೆಯಷ್ಟೇ ಹಳೆಯ ಪದ್ಧತಿ ಅದು. ಅರ್ಧ ಗಂಟೆ ಇಬ್ಬರ ಕೆಲಸವನ್ನೂ ಒಬ್ಬರೇ ಓಡೋಡಿ ಮಾಡುವುದು, ಇನ್ನೊಬ್ಬರು ಕಾಫಿ ಕುಡಿದು ಕಾಲು ಚಾಚುವುದು, ಮತ್ತೆ ಅದಲುಬದಲು. ಕೈ ಚುರುಕಿದ್ದವರಿಗೆ ಮಾತ್ರ ಸಾಧ್ಯ, ಹಾಗಾಗಿ ಅದೊಂದು ಜಂಬ ಕೂಡ. ಜೋಡಿ ಮಾಡುವಾಗ ಸಮಯ ಉಳಿಸಲು ಎಲ್ಲರಿಗೂ ಒಂದು ಕಳ್ಳದಾರಿ ಇತ್ತು. ಕಾರು ಕೈಗೆಟಕುತ್ತಿದ್ದಂತೆ ಮೊದಲು ಬಣ್ಣ ಬಳಿದುಬಿಡುವುದು, ನಟ್ಟು ಪಿನ್ನು ಆಮೇಲೆ. ಜೂನ್‌ನಲ್ಲಿ ನೋಟಿಸು ಬಿತ್ತು: ಜೋಡಿ ಮಾಡಿ ಸಿಕ್ಕಿಬಿದ್ದರೆ ಇಬ್ಬರೂ ಮನೆಗೆ. ಫೋರ್ಮನ್ ಮೆಕೀನ್ ನೋಟಿಸು ಅಂಟಿಸಿ, ಅದಕ್ಕೆ ಬೆನ್ನು ಹಾಕಿ ನಿಂತ. ಅವನೂ ಹದಿನೈದು ವರ್ಷ ಜೋಡಿ ಮಾಡಿದವನೇ.

ಆ ಸೆಪ್ಟೆಂಬರಿನ ಮಂಗಳವಾರ ಕಂಪನಿಯ ಉಪಾಧ್ಯಕ್ಷ ವಿಟ್ಕಮ್ ಬರುವವನಿದ್ದ. ನೆಲ ಚೊಕ್ಕ ಕಾಣಲೆಂದು ಪಿನ್ನಿನ ಡಬ್ಬಿಯನ್ನು ಕಂಬದ ಹಿಂದಕ್ಕೆ ತಳ್ಳಿದ್ದರು. ದಿನವೂ ಹಿಡಿ ಹಿಡಿ ತುಂಬಿಕೊಳ್ಳುತ್ತಿದ್ದ ಡೆಲ್ಫಿನ್ ಅವತ್ತು ಎಣಿಸಿ ಮೂವತ್ತು ಪಿನ್ನು ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು. ಅರ್ಧ ಗಂಟೆಗೆ ಮೂವತ್ತು ಕಾರು.

"ಹೋಗ್ ಬರ್ಲಾ ಅಕ್ಕಾ? ದೊಡ್ಡೋರು ಬರೋದು ಒಂಬತ್ತಕ್ಕಂತೆ" ಎಂದ ಲೆಮ್. ಅಲಬಾಮಾದಿಂದ ಬಂದವನು, ಯೂನಿಯನ್ನಿನ ರೂಢಿಯಲ್ಲಿ ಇವಳನ್ನು ಅಕ್ಕ ಎಂದೇ ಕರೆಯುತ್ತಿದ್ದ. ಎಂಟು ತಿಂಗಳು ಕೆಲಸವಿಲ್ಲದೆ ಕೂತು, ವಾಪಸ್ ಕರೆಸಿಕೊಂಡು ಮೂರೇ ವಾರವಾಗಿತ್ತು. ಹೆಂಡತಿಯ ಸಕ್ಕರೆ ಕಾಯಿಲೆಯ ಔಷಧಿಯೆಲ್ಲ ಕಂಪನಿಯ ವಿಮೆಯಿಂದ ಬರುತ್ತಿತ್ತು.

"ಹೋಗು, ಹೋಗು. ಸಕ್ಕರೆ ಕಮ್ಮಿ ಹಾಕ್ಕೋ" ಎಂದಳು.

ಅವನು ಹೋದ ಹತ್ತು ನಿಮಿಷಕ್ಕೇ ದೊಡ್ಡವರು ಬಂದರು. ಮೆಕೀನ್ ಮುಖ ಬಿಳಿಚಿಕೊಂಡು, "ಲೆಮ್ ಶೌಚಕ್ಕೆ ಹೋಗಿದಾನೆ ಸಾರ್" ಎಂದ. ವಿಟ್ಕಮ್‌ನ ಜೊತೆ ಜಾಹೀರಾತಿನ ಫೋಟೋಗ್ರಾಫರ್ ಒಬ್ಬನಿದ್ದ. ಇಪ್ಪತ್ತೊಂಬತ್ತು ವರ್ಷ ದುಡಿದ ಹೆಂಗಸು ಎಂದು ತಿಳಿದೊಡನೆ ಅವನ ಕಣ್ಣು ಅರಳಿತು. "ಬ್ರಷ್ ಎತ್ತಿ ಅಮ್ಮ. ಹಾಂ, ಬಣ್ಣ ಬಳೀತಾ ಈ ಕಡೆ ನೋಡಿ. ಇನ್ನೊಂದು. ಸ್ವಲ್ಪ ನಗಿ." ಡೆಲ್ಫಿನ್ ಬಳಿದಳು, ನೋಡಿದಳು, ನಕ್ಕಳು. ಗನ್ನಿಗೂ ಕೈ ಹಾಕಿದಂತೆ ನೆನಪು. ಅವಳಿಗೆ ಒಳಗೊಳಗೇ ಖುಷಿಯಾಗಿತ್ತು. ಅದನ್ನು ಮುಚ್ಚಿಡುವುದೇಕೆ?

ಒಂಬತ್ತಕ್ಕೆ ಲೆಮ್ ಬಂದು ನಿಂತಾಗ ಅವಳು ಜೇಬಿಗೆ ಕೈ ಹಾಕಿದಳು. ಒಂದೂ ಉಳಿಯಬಾರದಿತ್ತು. ಏಳು ಪಿನ್ನು ಕೈಗೆ ಬಂದವು.

ಅಂಗೈಯನ್ನು ನೋಡಿದ ಲೆಮ್‌ಗೆ ಯಾರೂ ಏನೂ ಹೇಳಬೇಕಾಗಲಿಲ್ಲ. "ಯಾವ ಕಾರು?" ಎಂದ ಮೆಲ್ಲಗೆ.

"ಫೋಟೋ ತೆಗೀತಿದ್ದಾಗ ಹೋದವು. ಚೀಟಿ ನಂಬರು ನಾನೂರ ಹನ್ನೆರಡರಿಂದ ಹದಿನೆಂಟು. ಎಲ್ಲಕ್ಕೂ ಬಣ್ಣ ಬಳ್ದಿದೀನಿ ಲೆಮ್! ಕೈಯಾರೆ ಬಳ್ದಿದೀನಿ."

"ಮೆಕೀನ್‌ಗೆ ಹೇಳೋದಾ?"

ಹೇಳಿದರೆ ಇಬ್ಬರೂ ಮನೆಗೆ, ಜೊತೆಗೆ ಅವನ ಹೆಂಡತಿಯ ಔಷಧಿಯೂ. ಕಾರುಗಳಿಗೆ ಆಗಲೇ ಮುಂದಿನ ಶೆಡ್ಡಿನಲ್ಲಿ ಮೈ ಹೊದಿಸುತ್ತಿದ್ದರು. ಊಟದ ಹೊತ್ತಿಗೆ ಹಿಂದಿನ ಅಂಗಳಕ್ಕೆ ಬರುತ್ತವೆ, ಅವನ್ನು ಒಯ್ಯುವ ರೈಲು ಬರುವುದು ಮೂರಕ್ಕೆ. ನಡುವೆ ಅರ್ಧ ಗಂಟೆ ಊಟದ ಬಿಡುವಿದೆ. "ನಾವೇ ಹಾಕ್ಬಿಡೋಣ" ಎಂದಳು. ಹನ್ನೊಂದರವರೆಗೆ ಆಕೆ ದುಡಿದ ಎರಡು ಗಂಟೆ ಎಂಥದೆಂದು ನಾನು ಬರೆಯಲಾರೆ. ಪ್ರತಿ ಕಾರಿಗೂ ಪಿನ್ನು ಹಾಕಿ, ಬೆರಳಿಂದ ಮುಟ್ಟಿ, ಮತ್ತೆ ಮುಟ್ಟಿ ನೋಡುತ್ತಿದ್ದಳು.

ಗಂಟೆ ಬಾರಿಸಿದ್ದೇ ತಡ, ಇಬ್ಬರೂ ಅಂಗಳಕ್ಕೆ ಓಡಿದರು. ಗಾಜಿಗೆ ಅಂಟಿಸಿದ ಚೀಟಿಯ ನಂಬರು ನೋಡುತ್ತಾ ಒಂದೊಂದೇ ಕಾರಿನ ಕೆಳಗೆ ಲೆಮ್ ಅಂಗಾತ ಮಲಗಿ ತೂರಿಕೊಂಡ. ನಾನೂರ ಹನ್ನೆರಡು: ಪಿನ್ನಿಲ್ಲ, ನಟ್ಟು ಬಿಗಿ. ಹದಿಮೂರೂ ಹಾಗೇ. ಹದಿನಾಲ್ಕರ ಕೆಳಗಿಂದ ಅವನ ದನಿ ಬದಲಾಯಿತು. "ಅಕ್ಕಾ, ಇದು ಕೈಯಲ್ಲೇ ತಿರುಗ್ತಾ ಇದೆ." ಡೆಲ್ಫಿನ್ ಬಗ್ಗಿ ಸ್ಪ್ಯಾನರನ್ನು ಒಳಕ್ಕೆ ತಳ್ಳಿದಳು. ಹದಿನೇಳೂ ಸಡಿಲವಿತ್ತು. ಆರನ್ನೂ ಬಿಗಿದು, ಪಿನ್ನು ಹಾಕಿ, ಏದುಸಿರು ಬಿಡುತ್ತಾ ಎದ್ದಾಗ ಹದಿನೆಂಟು ಮಾತ್ರ ಎಲ್ಲೂ ಇರಲಿಲ್ಲ.

ಕೇಳಿದ್ದಕ್ಕೆ ಅಂಗಳದ ಗುಮಾಸ್ತ ಸ್ಯಾಂಡ್‌ವಿಚ್ ಅಗಿಯುತ್ತಾ, "ಹಸಿರು ಕಾರಲ್ವಾ? ಮುಂದಿನ ಗೇಟಿಗೆ ಹೋಯ್ತು. ವಿಟ್ಕಮ್ ಸಾಹೇಬ್ರು ಪೇಟೆವರೆಗೂ ತಾವೇ ಓಡಿಸ್ತಾರಂತೆ. ಪೇಪರಿನೋರೆಲ್ಲ ಬಂದವ್ರೆ. ಹ್ಯಾಲ್ಡೇನ್ ಅಂದ್ರೆ ಲೈನಿಂದ ನೇರ ರಸ್ತೆಗೆ ಅಂತ ತೋರಿಸ್ಬೇಕಂತೆ" ಎಂದ.

ಪೇಟೆಗೆ ಎಂಟು ಮೈಲಿ. ಎಲ್ಲಾ ಹೆದ್ದಾರಿ.

ಗೇಟಿನ ಬಳಿ ಮೆಕೀನ್ ಅವರನ್ನು ಅಡ್ಡಗಟ್ಟಿದ. ಡೆಲ್ಫಿನ್ ನಾಲ್ಕೇ ಮಾತಿನಲ್ಲಿ ಹೇಳಿದಳು. ಅವನು ಅವಳ ಮೊಣಕೈ ಹಿಡಿದು ಗೋಡೆಯ ಕಡೆ ಎಳೆದ.

"ತಲೆ ಕೆಟ್ಟಿದ್ಯಾ? ನಟ್ಟು ಬಿಗಿ ಇದ್ರೆ ಪಿನ್ನಿಲ್ದೆ ತಿಂಗಳುಗಟ್ಲೆ ಓಡುತ್ತೆ. ಬರೀ ಎಂಟು ಮೈಲಿ! ಸಂಜೆ ನಾನೇ ಹೋಗಿ ಹಾಕ್ಕೊಂಡು ಬರ್ತೀನಿ, ಯಾರಿಗೂ ಗೊತ್ತಾಗಲ್ಲ."

"ಬಿಗಿ ಇದ್ರೆ ತಾನೇ? ಎರಡು ಕಾರಲ್ಲಿ ಕೈಗೆ ಬಂತು."

"ಅಲ್ನೋಡು, ಪೇಪರಿನೋರು ನಿಂತಿದಾರೆ. ಇವತ್ತು ಇಲ್ಲಿ ಮಾನ ಹೋದ್ರೆ ಮುಚ್ಚೋದು ನಮ್ ಕಾರ್ಖಾನೇನೇ. ಎರಡು ಸಾವಿರ ಜನ, ಡೆಲ್ಫಿನ್. ನಿಮ್ಮಪ್ಪ ಇದ್ದಿದ್ರೆ ಏನನ್ನೋರು?"

ಕಾರಿನ ಎಂಜಿನ್ನು ಗುಡುಗಿತು. ವಿಟ್ಕಮ್ ಕಿಟಕಿಯಿಂದ ಕೈ ಬೀಸುತ್ತಿದ್ದ. ಡೆಲ್ಫಿನ್ ಲೆಮ್‌ನ ಕಡೆ ತಿರುಗಿದಳು. ಅವನು ನೆಲ ನೋಡುತ್ತಿದ್ದ. ಮೆಕೀನ್‌ನ ಕೈ ಕೊಸರಿಕೊಂಡು ನಡೆದು ಹೋಗಿ ಹಸಿರು ಕಾರಿನ ಮೂತಿಯ ಮೇಲೆ ಎರಡೂ ಅಂಗೈ ಊರಿದಳು.

"ಇಳೀರಿ ಸಾರ್. ಇದರ ಸ್ಟೇರಿಂಗಿಗೆ ನಾನು ಪಿನ್ನು ಹಾಕಿಲ್ಲ."

ಪೇಪರಿನವರ ಪೆನ್ಸಿಲುಗಳು ಒಟ್ಟಿಗೇ ಮೇಲೆದ್ದವು. ವಿಟ್ಕಮ್ ನಗುವನ್ನು ಹಾಗೇ ಹಿಡಿದುಕೊಂಡು ಇಳಿದ. ಅವಳು ಒಂದನ್ನೂ ಬಚ್ಚಿಡಲಿಲ್ಲ. ಜೋಡಿ, ಮೊದಲೇ ಬಳಿದ ಬಣ್ಣ, ಉಳಿದ ಏಳು ಪಿನ್ನು, ಅಂಗಳದಲ್ಲಿ ಸರಿಮಾಡಿದ ಆರು ಕಾರು.

"ಜೋಡಿ ಯಾರ ಜೊತೆ?" ಎಂದ ವಿಟ್ಕಮ್.

"ನಾನೊಬ್ಳೇ."

"ಒಬ್ರೇ ಜೋಡಿ ಮಾಡೋಕಾಗುತ್ತಾ?" ಎಂದು ಯಾರೋ ನಕ್ಕರು.

"ನಾನಿದ್ದೆ ಸಾರ್" ಎಂದ ಲೆಮ್, ಹಿಂದಿನಿಂದ. ಅವಳಿಗೆ ಅವನ ಬಾಯಿ ಮುಚ್ಚಬೇಕೆನಿಸಿತು.

ಮೆಕ್ಯಾನಿಕ್ಕನೊಬ್ಬ ಟಾರ್ಚು ಹಿಡಿದು ಕಾರಿನ ಕೆಳಗೆ ಹೋದ. ಅವನ ಬೂಟುಗಳು ಮಾತ್ರ ಕಾಣುತ್ತಿದ್ದವು. ಅವನು ಹೊರಬಂದು ಕೈ ಒರೆಸಿಕೊಂಡ.

"ಪಿನ್ನಿದೆ ಸಾರ್. ನಟ್ಟೂ ಬಿಗಿ ಇದೆ. ಏನೂ ಊನ ಇಲ್ಲ."

ಡೆಲ್ಫಿನ್ ಬಗ್ಗಿ ತಾನೇ ನೋಡಿದಳು. ಪಿನ್ನಿತ್ತು. ವಿಟ್ಕಮ್‌ನ ಮುಖಕ್ಕೆ ರಕ್ತ ವಾಪಸಾಯಿತು. "ನೋಡಿದ್ರಾ? ನಮ್ಮ ಕಾರು ನಮ್ಮ ಕೆಲಸದೋರಿಗಿಂತ ಗಟ್ಟಿ!" ಎಂದ. ಪೇಪರಿನವರು ಹೊಟ್ಟೆ ಹಿಡಿದು ನಕ್ಕರು. ಕಾರು ಗೇಟು ದಾಟಿ ಹೋಯಿತು. ಮೆಕೀನ್ ಇಬ್ಬರ ಮುಂದೆಯೂ ಕೈಯೊಡ್ಡಿ ಅವರ ಕೆಲಸದ ಗುರುತಿನ ಬಿಲ್ಲೆಗಳನ್ನು ಇಸಿದುಕೊಂಡ. ಅವನ ಕಣ್ಣಲ್ಲಿ ನೀರಿತ್ತು, ಅದಕ್ಕೆ ಅವಳು ಅವನನ್ನು ಬೈಯಲಿಲ್ಲ.

ಪಾಳಿ ಮುಗಿಯುವವರೆಗೂ ಇಬ್ಬರೂ ಕಾರು ನಿಲ್ಲಿಸುವ ಬಯಲಲ್ಲಿ, ಅವಳ ಹಳೆಯ ಹ್ಯಾಲ್ಡೇನ್‌ನ ಬಾನೆಟ್ಟಿಗೆ ಒರಗಿ ನಿಂತಿದ್ದರು. ಎಲ್ಲಿಗೆ ಹೋಗಬೇಕೆಂದು ಇಬ್ಬರಿಗೂ ತೋಚಿರಲಿಲ್ಲ. ಎರಡೂವರೆಗೆ ಜನರ ನಡುವಿನಿಂದ ಆರ್ವೋ ಬಂದ. ಲೈನಿನ ಕೊನೆಯಲ್ಲಿ ಕಾರು ತಪಾಸಣೆ ಮಾಡುವ ಮುದುಕ, ಫಿನ್‌ಲೆಂಡಿನವರ ಪೈಕಿ. ವಾರಕ್ಕೆ ಹತ್ತು ಮಾತಾಡಿದರೆ ಹೆಚ್ಚು.

"ನಾನೇ ಹಾಕಿದ್ದು" ಎಂದ.

"ಏನನ್ನ?"

"ಹದಿನೆಂಟಕ್ಕೆ ಪಿನ್ನು. ಮುಟ್ಟಿ ನೋಡ್ದೆ, ಇರ್ಲಿಲ್ಲ. ನನ್ ಹತ್ರ ಇತ್ತು, ಹಾಕ್ದೆ. ಒಂದೇ ತಪ್ಪಿದೆ ಅನ್ಕೊಂಡೆ."

ಲೆಮ್ ಹಾರಿಬಿದ್ದ. "ಒಂದ್ ಮಾತು ಬಂದು ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತಯ್ಯಾ? ತಪಾಸಣೆ ಪುಸ್ತಕದಲ್ಲಿ ಬರೆದಿದ್ರೂ ಆಗ್ತಿತ್ತು!"

"ಬರೆದ್ರೆ ನಿಮ್ ಕೆಲಸ ಹೋಗ್ತಿತ್ತು. ಒಬ್ಬರ ಮೇಲೊಬ್ಬರು ಬರೆಯೋದು ನಮ್ಮಲ್ಲಿ ಯಾವತ್ತಿತ್ತು? ನಿಮ್ ಒಳ್ಳೇದಕ್ಕೇ ಸುಮ್ನಿದ್ದೆ."

ಅದು ನಿಜ. ಅವಳೂ ಹಾಗೇ ಮಾಡುತ್ತಿದ್ದಳು, ಅವಳಪ್ಪನೂ. ಅವಳ ಕೋಪ ಬಂದಷ್ಟೇ ಬೇಗ ಇಳಿಯಿತು. ಆಮೇಲೆ ಅವಳಿಗೊಂದು ಪ್ರಶ್ನೆ ಹೊಳೆಯಿತು, ಕೇಳಬಾರದಾಗಿತ್ತು ಎಂದು ಕೇಳುತ್ತಿರುವಾಗಲೇ ಗೊತ್ತಾಯಿತು.

"ಹಿಂದೇನೂ ಹೀಗೆ ಹಾಕಿದೀಯಾ, ಆರ್ವೋ? ನಮ್ಮ ಜಾಗದ್ದು?"

"ಹಾಕಿದೀನಿ. ವರ್ಷಕ್ಕೆ ನಾಲ್ಕೋ ಐದೋ."

ಲೆಮ್ ನಿಟ್ಟುಸಿರು ಬಿಟ್ಟ. "ಸದ್ಯ, ನೀನು ಎಲ್ಲಾ ಕಾರೂ ಮುಟ್ಟಿ ನೋಡ್ತೀಯಲ್ಲ."

"ನಿಮಿಷಕ್ಕೊಂದು ಬರುತ್ತೆ. ಎಲ್ಲಾ ಹೆಂಗೆ ಮುಟ್ಲಿ? ಹತ್ತಕ್ಕೊಂದು ಮುಟ್ತೀನಿ. ಮಿಕ್ಕಿದ್ದಕ್ಕೆ ನಿಮ್ ಬಣ್ಣ ಇದ್ರೆ ಮುಂದಕ್ಕೆ ಬಿಡ್ತೀನಿ."

ಹತ್ತಕ್ಕೆ ಒಂದನ್ನು ಮುಟ್ಟಿದರೆ ವರ್ಷಕ್ಕೆ ಐದು. ಮುಟ್ಟದ ಒಂಬತ್ತರಲ್ಲಿ ವರ್ಷಕ್ಕೆ ನಲವತ್ತೈದು ಪಿನ್ನಿಲ್ಲದೆ ಹೋಗಿವೆಯೆಂದು ಲೆಕ್ಕ ಹಾಕಲು ಶಾಲೆಗೆ ಹೋಗಿರಬೇಕಾಗಿರಲಿಲ್ಲ. ಹಿಡಿ ಹಿಡಿ ಪಿನ್ನು ತುಂಬಿಕೊಂಡ ದಿನಗಳು, ಎಣಿಸದೆ ಬಿಟ್ಟ ವರ್ಷಗಳು. ಡಾಕ್ಟರು, ಪಾದ್ರಿ, ಮಕ್ಕಳನ್ನು ಹಿಂದೆ ಕೂರಿಸಿಕೊಂಡು ಕೆರೆ ನೋಡಲು ಹೊರಟ ಸಂಸಾರಗಳು. ಎಲ್ಲೋ ತಿರುವಿನಲ್ಲಿ ಮಗುಚಿಬಿದ್ದು, ಓಡಿಸಿದವನು ಕುಡಿದಿದ್ದನೆಂದೋ ಮಳೆ ಬಂದಿತ್ತೆಂದೋ ಜನ ಮರೆತ ಕಾರುಗಳು. ಡೆಲ್ಫಿನ್ ಬಾನೆಟ್ಟಿನಿಂದ ಕೈ ತೆಗೆದಳು. ಅಷ್ಟು ನಾಚಿಕೆ ಅವಳಿಗೆ ಜೀವಮಾನದಲ್ಲಿ ಆಗಿರಲಿಲ್ಲ.

"ಎಲ್ಲಿಗೆ?" ಎಂದ ಲೆಮ್, ಅವಳು ಗೇಟಿನ ಕಡೆ ತಿರುಗಿದ್ದು ಕಂಡು.

"ಒಳಕ್ಕೆ. ವಿಟ್ಕಮ್ ಪೇಟೆಯಿಂದ ವಾಪಸ್ ಬರೋವರ್ಗೂ ಕಾಯ್ತೀನಿ."

"ಅಕ್ಕಾ, ಬೇಡ. ಇವತ್ತಿಂದು ಹುಚ್ಚು ಅಂತ ನಕ್ಕು ಬಿಟ್ರು. ಯೂನಿಯನ್ನು ಜಗಳಾಡಿ ನಮ್ಮನ್ನ ವಾಪಸ್ ತಗೊಳ್ಳುತ್ತೆ. ಹಳೇ ಕಾರುಗಳ ವಿಷ್ಯ ಹೇಳಿದ್ರೆ ನಾವಲ್ಲ, ಹ್ಯಾಲ್ಡೇನೇ ಉಳಿಯಲ್ಲ. ನನ್ ಹೆಂಡ್ತಿ..."

"ನಿನ್ ಹೆಸರು ಹೇಳಲ್ಲ ಲೆಮ್. ಈ ಸಲ ನೀನೂ ಹೇಳ್ಕೋಬೇಡ." ಅವಳು ಆರ್ವೋನ ಕಡೆ ತಿರುಗಿದಳು. "ನೀನು ಹೇಳದೆ ಯಾರೂ ನಂಬಲ್ಲ."

ನಲವತ್ತು ವರ್ಷದಲ್ಲಿ ಆರ್ವೋ ಯಾರ ಮೇಲೂ ಒಂದು ಸಾಲು ಬರೆದವನಲ್ಲ. ಆದರೂ ತನ್ನ ಕಾರಿನ ಕೀಲಿಯನ್ನು ಜೇಬಿಗೆ ಹಾಕಿಕೊಂಡು ಅವಳ ಹಿಂದೆ ಹೊರಟ. ಲೆಮ್ ಬರಲಿಲ್ಲ. ಅವನದು ತಪ್ಪೆಂದವರು ಅವನ ಮನೆಯ ಔಷಧಿ ಡಬ್ಬಿ ನೋಡಿಲ್ಲ.

ಗೇಟಿನ ಕಾವಲುಗಾರ ಕೈ ಅಡ್ಡ ಹಿಡಿದ. "ಬಿಲ್ಲೆ ಇಲ್ದೆ ಒಳಗೆ ಬಿಡೋ ಹಾಗಿಲ್ಲ ಡೆಲ್ಫಿನ್. ನಿನಗೇ ಗೊತ್ತಲ್ಲ."

"ಹಾಗಾದ್ರೆ ವಿಟ್ಕಮ್ ಸಾಹೇಬ್ರನ್ನೇ ಇಲ್ಲಿಗೆ ಕರೆಸು" ಎಂದು ಅವಳು ಮೆಟ್ಟಿಲ ಮೇಲೆ ಕೂತಳು. "ಏಳು ಕಾರಿನ ವಿಷಯ ಅಲ್ಲ, ಇನ್ನೂ ಬಹಳ ಇವೆ, ಅವನ್ನೆಲ್ಲ ರಸ್ತೆಯಿಂದ ವಾಪಸ್ ಕರೆಸ್ಬೇಕು ಅನ್ನು."