ಕೊಟ್ರಪ್ಪನ ಬೆರಳಿದ್ದ ಬ್ಯಾಂಜೊ

ಗಂಗಾವತಿಯಲ್ಲಿ ಬೆಳಗಿನ ಐದೂವರೆ. ವಾದ್ಯ ರಿಪೇರಿ ಮಾಡುವ ಅರವತ್ತಾರರ ದಾದೇಸಾಬ ಅಂಗಡಿಯ ಅರ್ಧ ಬಾಗಿಲು ತೆಗೆದು, ಗೋಡೆಯ ಮೇಲಿನ ಹನ್ನೊಂದು ಹಳೆಯ ಬ್ಯಾಂಜೊಗಳ ದೂಳು ಒರೆಸುತ್ತಿದ್ದಾರೆ. ಬರೀ ಒಣಬಟ್ಟೆ. ಎಣ್ಣೆಯಿಲ್ಲ, ಪಾಲಿಶ್ ಇಲ್ಲ. “ನೋಡ್ರಿ, ಮೊಮ್ಮಕ್ಕಳ ಮಾರಿನೂ ಇಷ್ಟು ಒರೆಸಿಲ್ಲ ಇವರು” ಎಂದು ಹೆಂಡತಿ ಸರ್ದಾರಬೀ ಚಹಾ ತಂದಿಡುತ್ತಾರೆ.

ಬ್ಯಾಂಡಿನವರು ಬಾರಿಸುತ್ತಿದ್ದ ಬ್ಯಾಂಜೊ ಇದು: ಉದ್ದನೆಯ ಮರದ ಪೆಟ್ಟಿಗೆ, ಮೇಲೆ ತಂತಿ, ಎಡಗೈಗೆ ಟೈಪ್‌ರೈಟರಿನಂಥ ಗುಂಡಿಗಳು. ಹನ್ನೊಂದನ್ನೂ ಮಾಡಿದವರು ಇರಕಲ್ಲಗಡದ ಬಡಿಗ, ದಿವಂಗತ ಕಾಳಪ್ಪ. ಬಾರಿಸುವವನ ಅಂಗೈಯನ್ನು ಹಲಗೆಯ ಮೇಲೆ ಇಡಿಸಿ, ಸುತ್ತ ಪೆನ್ಸಿಲ್ ಎಳೆದುಕೊಂಡು, ಆ ಬೆರಳಿನ ಅಳತೆಗೇ ಗುಂಡಿ ಕೂರಿಸುತ್ತಿದ್ದರಂತೆ. ಹಿತ್ತಾಳೆಯ ನವಿಲು, ಚಿಪ್ಪಿನ ಬಳ್ಳಿ, ಒಂದರಂತೆ ಇನ್ನೊಂದಿಲ್ಲ. ಕೀಬೋರ್ಡ್ ಬಂದ ಮೇಲೆ ಇವೆಲ್ಲ ಅಟ್ಟ ಸೇರಿದವು. ಯಲಬುರ್ಗಾ ಕಡೆಯ ಒಂದರಲ್ಲಿ ಕೋಳಿ ಮೊಟ್ಟೆ ಇಟ್ಟಿತ್ತು! ಇಪ್ಪತ್ತು ವರ್ಷ ಮೊಪೆಡ್‌ನಲ್ಲಿ ಹಳ್ಳಿಹಳ್ಳಿ ಸುತ್ತಿ ದಾದೇಸಾಬ ಉಳಿಸಿಕೊಂಡದ್ದು ಇಷ್ಟು. ಯಾವ ಸನ್ಮಾನದ ಪಟ್ಟಿಯಲ್ಲೂ ಅವರ ಹೆಸರಿಲ್ಲ. ಇರಲಿ, ಅವರ ಸಂಕಟ ಅದಲ್ಲ.

ಹೋದ ವರ್ಷ ಅಳವಂಡಿಯ ಪಕ್ಕೀರವ್ವ ತೀರಿಹೋದ ಗಂಡ ಕೊಟ್ರಪ್ಪನ ಬ್ಯಾಂಜೊ ತಂದುಕೊಟ್ಟರು. ನಲವತ್ತು ವರ್ಷ ಒತ್ತಿ ಒತ್ತಿ ಮರದ ಗುಂಡಿಗಳಲ್ಲಿ ಕುಳಿ ಬಿದ್ದಿದ್ದವು. “ಮನ್ಯಾಗ ಇಲಿ ಕಡೀತಾವ್ರಿ ಅಣ್ಣಾರ. ನಿಮ್ಮ ಹತ್ರ ಇರ್ಲಿ, ಆಗಾಗ ಬಂದು ನೋಡಿ ಹೋಗ್ತೀನಿ” ಎಂದಿದ್ದರು. ಅದೇ ಹೊತ್ತಿಗೆ ಹಳೆಯ ವಾದ್ಯಗಳ ಪ್ರದರ್ಶನ ಮಾಡುತ್ತೇವೆಂದು ಯಾರೋ ಬಂದರು. ಎಲ್ಲಕ್ಕಿಂತ ಚೆಂದದ್ದು ಇದೇ, ಆದರೆ ಫಳಫಳ ಅನ್ನಬೇಕು ಎಂದು ತಾಕೀತು ಮಾಡಿದರು.

“ರಿಪೇರಿ ಮಾಡೋ ಕೈ ರೀ ಇದು. ಸವೆದದ್ದು ಕಂಡ್ರ ಸುಮ್ನಿರಂಗಿಲ್ಲ. ಇಪ್ಪತ್ತೆರಡೂ ಗುಂಡಿ ಹೊಸಾವು ಕೂಡಿಸಿದೆ. ಹಳೇವು ನೀರೊಲಿಗಿ ಹಾಕಿ ಸುಟ್ಟೆ.”

ಪ್ರದರ್ಶನದವರು ಇವತ್ತಿಗೂ ಪತ್ತೆಯಿಲ್ಲ, ಫೋನೂ ಎತ್ತುವುದಿಲ್ಲ. ಬಂದವರು ಪಕ್ಕೀರವ್ವ. ಒಂದೊಂದೇ ಗುಂಡಿಯ ಮೇಲೆ ಬೆರಳಾಡಿಸಿದರು. ಮತ್ತೆ ಮೊದಲಿನಿಂದ ಆಡಿಸಿದರು. “ಅವರ ಬಟ್ಟು ಇಲ್ಲೇ ಕುಂದರ್ತಿದ್ವು” ಎಂದರಂತೆ.

ಹುಕುಂ ಮಾಡಿ ಮಾಯವಾದ ಆ ದೊಡ್ಡ ಮನುಷ್ಯರ ಮೇಲೆ ನನಗೆ ಸಿಟ್ಟು ಬರುತ್ತದೆ. ಆದರೆ ಅವರನ್ನು ಬೈಯಲೂ ದಾದೇಸಾಬ ಒಪ್ಪುವುದಿಲ್ಲ. “ಉಳಿ ಹಿಡಿದದ್ದು ನನ್ನ ಕೈ ಅಲ್ಲೇನ್ರಿ?” ಅಂದಿನಿಂದ ಉಳಿದ ಹತ್ತಕ್ಕೂ ಅವರು ಉಳಿ ತಾಗಿಸಿಲ್ಲ. ಗಿರಾಕಿಗಳ ಕೆಲಸ ಮಾಡುತ್ತಾರೆ, ಸಂಜೆಗೆ ಬಾಗಿಲು ಹಾಕುತ್ತಾರೆ.

ಏನಾದರೂ ಆಸೆ ಇದೆಯೇ ಎಂದು ಕೇಳಿದೆ. ದೂಳು ಒರೆಸಿದ ಬಟ್ಟೆ ಮಡಚಿ ಪಕ್ಕಕ್ಕಿಟ್ಟರು.

“ಆ ತಂಗಿ ಮತ್ತ ಬಂದಿಲ್ರಿ. ಅವತ್ತು ಬೈಲಿಲ್ಲ, ಅಳಲಿಲ್ಲ. ‘ಭಾಳ ಛಲೋ ಮಾಡೀರಿ ಅಣ್ಣಾರ’ ಅಂತ ಕೈ ಮುಗದು ಹೋದ್ಲು. ಒಮ್ಮೆ ಬಂದು, ಬಾಯಿಗೆ ಬಂದಂಗ ಬೈದು ಹೋಗ್ಲಿ. ಅಷ್ಟ ಸಾಕು.”