ಪೀರಮ್ಮ ಕೂಡಿಸಿದ ಜಾಳಿಗೆ ಗಾಲಿ

ಸಿಂಧನೂರಿನ ಗಂಗಾವತಿ ರಸ್ತೆಯಲ್ಲಿ ಆಗತಾನೆ ಬೆಳಕು ಹರಿಯುತ್ತಿದೆ. ಆರ್.ಎಚ್. ಕ್ಯಾಂಪಿನಿಂದ ಭತ್ತದ ಚೀಲ ಹೇರಿಕೊಂಡು ಬಂದ ಟ್ರ್ಯಾಕ್ಟರ್ ಟ್ರೇಲರ್ ಒಂದು ಬದಿಗೆ ವಾಲಿ ನಿಂತಿದೆ. ಸೀರೆಯ ನೆರಿಗೆ ಎತ್ತಿ ಕಟ್ಟಿದ ಹೆಂಗಸೊಬ್ಬಳು ಅದರ ಕೆಳಗೆ ಜ್ಯಾಕ್ ಕೊಟ್ಟು, ನಟ್ಟಿಗೆ ಪಾನಾ ಹಾಕಿ, ಅದರ ಉದ್ದ ಹಿಡಿಕೆಯ ಮೇಲೆ ಒಂದು ಕಾಲಿಟ್ಟು ಮೈಭಾರವನ್ನೆಲ್ಲ ಬಿಡುತ್ತಾಳೆ. ಕಿರ್ರೆಂದು ನಟ್ಟು ಸಡಿಲಾಗುತ್ತದೆ. ಕೈಜೋಡಿಸಲು ಬಂದ ಚಾಲಕನನ್ನು, “ನೀ ಚಾ ಕುಡ್ಯಪಾ. ನಡುವ ಕೈ ಹಾಕಿದ್ರ ನನ್ನ ಕೆಲಸ ಕೆಡ್ತದ” ಎಂದು ಅತ್ತ ಕಳಿಸುತ್ತಾಳೆ. ಅವನ ಚಹಾ ಮುಗಿಯುವುದರೊಳಗೆ ಗಾಲಿ ಬಿಚ್ಚಿ ನೆಲದ ಮೇಲೆ ಮಲಗಿದೆ.

ಈಕೆ ಪೀರಮ್ಮ. ವಯಸ್ಸು ನಲವತ್ತಾರು. ದಿನಕ್ಕೆ ಹತ್ತು ಹನ್ನೆರಡು ಗಾಲಿ, ಸುಗ್ಗಿಯಲ್ಲಿ ಇಪ್ಪತ್ತು. ಹದಿನಾಲ್ಕು ವರ್ಷದಿಂದ ಇದೇ ಕೆಲಸ.

ಗಾಲಿ ದುರಸ್ತಿಯ ಈ ಅಂಗಡಿ ಮೊದಲು ಗಂಡ ಆದೆಪ್ಪನದಾಗಿತ್ತು. 1982ರಲ್ಲಿ ಲಾರಿಯ ಜ್ಯಾಕ್ ಜಾರಿ ಆತನ ಬಲಭುಜ ಜಜ್ಜಿಹೋಯಿತು. ಆ ತೋಳು ಮತ್ತೆ ಮೇಲೇಳಲಿಲ್ಲ. “ಹದಿನೈದು ದಿನ ಅಂಗಡಿ ಮುಚ್ಚಿತ್ರಿ. ಆಮ್ಯಾಲ ನಾನ ತಗದೆ. ಅವರ ಕೈ ಹೋಗಿತ್ತು, ಬಾಯಿ ಇತ್ತಲ್ರೀ. ಅವರು ಹೇಳಿದ್ರು, ನಾ ಮಾಡಿದೆ” ಎನ್ನುತ್ತಾಳೆ. ಪಕ್ಕದ ಬೆಂಚಿನಲ್ಲಿ ಕುಳಿತ ಆದೆಪ್ಪ ನಗುತ್ತಾನೆ: “ಈಗ ಬಾಯಿನೂ ಬೇಕಾಗಿಲ್ರಿ ಆಕಿಗೆ.”

ಮೊದಲ ಆರು ತಿಂಗಳು ಸೈಕಲ್ ಬಿಟ್ಟರೆ ಬೇರೇನೂ ಆಕೆಯ ಮುಂದೆ ನಿಲ್ಲಲಿಲ್ಲ. ಹೆಣ್ಣುಮಗಳು ಬಿಗಿದ ಗಾಲಿಯನ್ನು ನಂಬಿ ಲೋಡು ಒಯ್ಯುವುದು ಹೇಗೆ ಎಂದು ಲಾರಿಯವನೊಬ್ಬ ಮುಖದ ಮೇಲೇ ಹೇಳಿಹೋದ. ಪೀರಮ್ಮ ಸೈಕಲ್ ಗಾಲಿಗಳನ್ನೇ ಬಿಚ್ಚುತ್ತ ಕೂತಳು. ಸುಗ್ಗಿ ಬಂತು. ಊರಿನ ಉಳಿದ ಅಂಗಡಿಗಳ ಮುಂದೆಲ್ಲ ಸಾಲು ಹತ್ತಿತು. ಕಾಯಲಾರದೆ ದಢೇಸುಗೂರಿನ ರೈತರು ಇತ್ತ ಬಂದರು. ಬಂದವರು ಮುಂದಿನ ವರ್ಷವೂ ಬಂದರು, ನೆರೆಯವರನ್ನೂ ಕರೆತಂದರು.

ಆದರೆ ಪೀರಮ್ಮನ ಹೆಸರು ಜಿಲ್ಲೆ ದಾಟಿದ್ದು ಟ್ರ್ಯಾಕ್ಟರಿನಿಂದಲ್ಲ, ಎರಡೇ ಸೀಟಿನ ಒಂದು ವಿಲಾಯತಿ ಕಾರಿನಿಂದ.

ಕಾರಿನ ಧಣಿ ಕನಕರಾಯ, ಹಟ್ಟಿ ಚಿನ್ನದ ಗಣಿಯಲ್ಲಿ ಫಿಟ್ಟರ್ ಆಗಿ ನಿವೃತ್ತರಾದವರು. ಸಿಕಂದರಾಬಾದಿನ ಗುಜರಿಯಿಂದ ಆ ಹಳೆಯ ಸ್ಪೋರ್ಟ್ಸ್ ಕಾರನ್ನು ಲಾರಿಯಲ್ಲಿ ಹೇರಿಸಿ ತಂದು, ನಾಲ್ಕು ವರ್ಷ ಕೂತು ಎಂಜಿನ್‌ಗೆ ಜೀವ ಕೊಟ್ಟರು. ಅದರ ಮೂಲದ ಗಾಲಿಗಳು ಮಾತ್ರ ಎಂದೋ ಕಳೆದುಹೋಗಿದ್ದವು. ಜರಡಿಯ ಹಾಗೆ ಹೆಣೆದ ಅಲ್ಯುಮಿನಿಯಂ ಗಾಲಿಗಳವು. ನಮ್ಮ ಕಡೆಯವರ ಬಾಯಲ್ಲಿ ಜಾಳಿಗಿ ಗಾಲಿ. ಹೈದರಾಬಾದಿನ ಹಳೇ ಸಾಮಾನಿನ ಬಜಾರಿನಲ್ಲಿ ಕನಕರಾಯರು ಅಂಥ ನಾಲ್ಕು ನಾಲ್ಕು ಗಾಲಿಗಳ ಎರಡು ಸೆಟ್ ಹುಡುಕಿದರು. ಯಾವುದನ್ನು ಹಾಕಿದರೂ ವೇಗ ನಲವತ್ತು ಮುಟ್ಟುತ್ತಲೇ ಸ್ಟೇರಿಂಗ್ ಚಳಿಜ್ವರ ಬಂದಂತೆ ನಡುಗುತ್ತಿತ್ತು. ಶಹರದ ಎರಡು ವರ್ಕ್‌ಶಾಪಿನವರು ಕೈಚೆಲ್ಲಿದರು. 1995ರ ಜನವರಿಯಲ್ಲಿ ಹೈದರಾಬಾದಿನಲ್ಲಿ ಹಳೇ ಕಾರುಗಳ ಓಟವಿತ್ತು. ಅಲ್ಲಿ ಕಾರು ಮೂಲರೂಪದಲ್ಲೇ ಓಡಬೇಕು. ಉಳಿದದ್ದು ಒಂದೇ ತಿಂಗಳು.

ಯಾರೋ ಹೇಳಿದರೆಂದು ಕನಕರಾಯರು ಒಲ್ಲದ ಮನಸ್ಸಿನಿಂದಲೇ ಸಿಂಧನೂರಿಗೆ ಬಂದರು. ಒಂದು ಸೆಟ್ ಅಗಲವಾಗಿ, ಕನ್ನಡಿಯಂತೆ ಹೊಳೆಯುತ್ತಿತ್ತು. ಇನ್ನೊಂದು ಮಂಕಾಗಿ, ಕಂದುಗಟ್ಟಿತ್ತು. ಅವರ ಜೀವವೆಲ್ಲ ಹೊಳೆಯುವುದರ ಮೇಲೆ.

ಪೀರಮ್ಮ ಎಂಟೂ ಗಾಲಿಗಳಿಗೆ ಚಿಮಣಿ ಎಣ್ಣೆ ಸವರಿದಳು. ಒಂದು ತಾಸು ಬಿಟ್ಟು ಒಣಬಟ್ಟೆಯಿಂದ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಉದುರಿಸಿ ಕಾದಳು. ನೋಡನೋಡುತ್ತಿದ್ದಂತೆ ಎರಡು ಹೊಳೆಯುವ ಗಾಲಿಗಳ ಬಿಳುಪಿನಲ್ಲಿ ಕೂದಲೆಳೆಯಂಥ ಕಪ್ಪು ಗೆರೆ ಮೂಡಿತು.

“ಬಿರುಕು ಎಣ್ಣಿ ಕುಡದೈತಣ್ಣ, ಈಗ ಕಾರಾಕತ್ತೈತಿ. ಇವನ್ನ ಹಾಕ್ಕೊಂಡು ಹೋದ್ರ ನೀ ಮನಿಗೆ ತಿರುಗಿ ಬರಂಗಿಲ್ಲ.”

ಮಂಕು ಗಾಲಿಗಳಲ್ಲಿ ಒಂದು ಗೆರೆಯೂ ಇರಲಿಲ್ಲ. ಹಾಗಾದರೆ ಅವು ನಡುಗುವುದೇಕೆ? ಪೀರಮ್ಮ ಗಾಲಿಯ ನಡುವಿನ ತೂತಿನಲ್ಲಿ ಬೆರಳಾಡಿಸಿದಳು. ಗಾಲಿ ಕೂರಬೇಕಾದ ಕಾರಿನ ಹಬ್‌ಗೂ ಅದಕ್ಕೂ ನಡುವೆ ಬೆಂಕಿಕಡ್ಡಿ ತೂರುವಷ್ಟು ಸಂದಿ ಇತ್ತು. “ಗಾಲಿ ಹಬ್ ಮ್ಯಾಲ ಕುಂತಿಲ್ಲಣ್ಣ, ಬರೇ ಬೋಲ್ಟಿಗೆ ಜೋತುಬಿದ್ದೈತಿ. ನಡಗಲಾರದ ಏನ್ ಮಾಡ್ತದ?”

ಲಿಂಗಸೂಗೂರಿನಲ್ಲಿ ಲೇತ್ ಮಷಿನ್ ಇಟ್ಟಿರುವ ಖಾದರಬಾಷಾ ಆ ಸಂದಿ ತುಂಬಲು ನಾಲ್ಕು ಹಿತ್ತಾಳೆ ಉಂಗುರ ಕಡೆದುಕೊಟ್ಟರು. ಪೀರಮ್ಮ ಎರಡು ಸಲ ತಿರುಗಿ ಕಳಿಸಿದಳು. “ಕೈಲೆ ಒತ್ತಿದ್ರ ಕೂಡಬೇಕ್ರಿ. ಸುತ್ತಿಗಿ ಕೇಳಬಾರದು” ಎಂಬುದು ಆಕೆಯ ಹಟ. ಮೂರನೇ ಸಲ ಉಂಗುರ ಟಕ್ಕೆಂದು ಕೂತಿತು. ಆಮೇಲೆ ಒಂದೊಂದೇ ಗಾಲಿಯನ್ನು ಮುಂದಿನ ಹಬ್‌ಗೆ ಏರಿಸಿ, ಕೈಯಿಂದ ತಿರುಗಿಸಿ, ಯಾವ ಬದಿ ಕೆಳಗೆ ಬಂದು ನಿಲ್ಲುತ್ತದೆಂದು ನೋಡಿದಳು. ಅದರೆದುರು ಬದಿಗೆ ಸೀಸದ ತುಣುಕು ಅಂಟಿಸುತ್ತ ಹೋದಳು. ಎಲ್ಲಿ ಬಿಟ್ಟರೂ ಅಲ್ಲೇ ನಿಲ್ಲುವಷ್ಟು ಗಾಲಿ ಸಮತೂಕವಾಗುವವರೆಗೆ ಬಿಡಲಿಲ್ಲ. ಒಂದು ಗಾಲಿಗೆ ಒಂದು ಇಡೀ ದಿನ ಹಿಡಿಯಿತು.

ಪರೀಕ್ಷೆಗೆ ತಾನೂ ಕಾರು ಹತ್ತಿದಳು. ಮಸ್ಕಿಯಲ್ಲಿ ನಿಲ್ಲಿಸಿ, ಅಡ್ಡಡ್ಡಲಾಗಿ ಎದುರುಬದುರಿನ ನಟ್ಟುಗಳನ್ನು ಮತ್ತೊಮ್ಮೆ ಬಿಗಿದಳು. ಅಲ್ಲಿಂದ ಲಿಂಗಸೂಗೂರಿನ ದಾರಿಯಲ್ಲಿ ಕನಕರಾಯರು ಹೆದರುತ್ತಲೇ ವೇಗ ಏರಿಸಿದರು. ನಲವತ್ತು ದಾಟಿತು. ಐವತ್ತು. ಅರವತ್ತು. ಸ್ಟೇರಿಂಗ್ ಅಲುಗಲಿಲ್ಲ. ಅವರ ಕಣ್ಣಲ್ಲಿ ನೀರು ಬಂತು.

“ಅಳಬ್ಯಾಡಣ್ಣ, ರಸ್ತಾ ನೋಡು” ಎಂದಳು ಪೀರಮ್ಮ.

ಓಟದಲ್ಲಿ ಪ್ರತಿ ಕಾರಿನಲ್ಲೂ ಚಾಲಕನ ಪಕ್ಕ ಮೆಕ್ಯಾನಿಕ್ ಇರಬೇಕಿತ್ತು. ಕನಕರಾಯರ ಹೆಂಡತಿ ಸೂಗಮ್ಮನೇ ಬಂದು ಕರೆದರು: “ಪೀರಮ್ಮ, ನೀನ ಹೋಗವ್ವ. ಆ ಗಾಡಿ ಅವರಕಿಂತ ನಿನಗ ಗೊತ್ತೈತಿ.” ಹೀಗೆ ಇಳಕಲ್ ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು, ಪಾನಾಗಳ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಪೀರಮ್ಮ ಹೈದರಾಬಾದಿನಲ್ಲಿ ಸಾಲಿಗೆ ನಿಂತಳು. ಟೋಪಿ ಹಾಕಿದ ಸಾಹೇಬನೊಬ್ಬ ಬಂದು, “ಮೆಕ್ಯಾನಿಕ್ ಕಹಾಂ ಹೈ?” ಎಂದು ಕೇಳಿದ. “ಮೈಂಚ್ ಹೂಂ”, ನಾನೇ, ಎಂದಳು. ಅವನು ಎರಡು ಸಲ ಕೇಳಿ ಬರೆದುಕೊಂಡ.

ಇಪ್ಪತ್ತಾರು ಕಾರು ಹೊರಟವು. ನೂರ ಇಪ್ಪತ್ತು ಕಿಲೋಮೀಟರಿನ ದಾರಿಯಲ್ಲಿ ಒಂಬತ್ತು ಕೆಟ್ಟು ನಿಂತವು. ಹಟ್ಟಿಯ ಕಾರು ಒಂದು ಕಡೆಯೂ ನಿಲ್ಲದೆ ಹೋಗಿ ಬಂತು. ತೀರ್ಪುಗಾರರು ನೆಲಕ್ಕೆ ಮೊಣಕಾಲೂರಿ ಗಾಲಿ ನೋಡಿದರು, ತಿರುಗಿಸಿದರು, ಹಿತ್ತಾಳೆ ಉಂಗುರ ಮುಟ್ಟಿದರು. ಸಂಜೆ, ಚೊಕ್ಕ ಕೆಲಸಕ್ಕೆ ಮೆಕ್ಯಾನಿಕ್ಕಿಗೆ ಕೊಡುವ ಕಪ್ಪಿಗೆ ಮೈಕಿನಲ್ಲಿ ಕರೆದ ಹೆಸರು, “ಮಿಸ್ಟರ್ ಪೀರಮ್ಮ, ಸಿಂಧನೂರು!” ಎದ್ದು ಬಂದವಳನ್ನು ಮೈದಾನದ ಜನ ಕತ್ತು ಉದ್ದ ಮಾಡಿ ನೋಡಿದರು. ಆಮೇಲೆ ಬಿದ್ದ ಚಪ್ಪಾಳೆ, ಆಕೆ ಕಪ್ಪು ಹಿಡಿದು ಕಾರಿಗೆ ವಾಪಸು ಬರುವ ತನಕ ನಿಲ್ಲಲಿಲ್ಲ. ಕನಕರಾಯರು ಕೆಳಗಿಳಿದು ತಾವೇ ಬಾಗಿಲು ತೆಗೆದರು.

ಈ ಒಂದೂವರೆ ವರ್ಷದಲ್ಲಿ ಹನ್ನೊಂದು ಹಳೇ ಕಾರುಗಳು ಸಿಂಧನೂರು ಹುಡುಕಿಕೊಂಡು ಬಂದಿವೆ. ಕೈಚೆಲ್ಲಿದ್ದ ವರ್ಕ್‌ಶಾಪಿನವರೇ ಎರಡನ್ನು ಕಳಿಸಿದ್ದಾರೆ. ಹಾಗಂತ ಟ್ರೇಲರಿನವರು ಕಾಯಬೇಕಿಲ್ಲ. ಬಂದ ಸರದಿಯಂತೆಯೇ ಕೆಲಸ, ಕಾರಾದರೇನು, ಚಕ್ಕಡಿಯಾದರೇನು.

ಇನ್ನೇನಾದರೂ ಆಸೆ ಉಳಿದಿದೆಯೇ ಎಂದರೆ ಪೀರಮ್ಮ ಸೆರಗಿನಿಂದ ಕೈ ಒರೆಸಿಕೊಂಡು ತುಸು ನಾಚುತ್ತಾಳೆ.

“ಹೈದರಾಬಾದಿನ್ಯಾಗ ವಿಮಾನ ಇಳಿಯೂದು ನೋಡಿದೆ ನೋಡ್ರಿ. ಒಂದ್ಸಲ ಅದರ ಗಾಲಿ ಬಿಚ್ಚಿ ನೋಡಬೇಕಂತ ಐತಿ. ಎಷ್ಟ ಮ್ಯಾಲ ಹಾರಿದ್ರೂ, ಇಳಿಯಾಕ ಅದಕ್ಕೂ ಗಾಲಿನ ಬೇಕಲ್ರೀ?”